ಎಣಿಕೆಗೆ ಸಿಗದವರು

ನಗರಸಭೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಎಣಿಕೆಯಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕೆಲಸವೂ ಅದೇ, ಎಣಿಸುವುದು. ರಸ್ತೆ ಅಗಲ ಮಾಡಬೇಕೆಂದರೆ ಅಲ್ಲಿ ಎಷ್ಟು ಗಾಡಿ ಓಡುತ್ತವೆ, ಬಸ್ ನಿಲ್ದಾಣಕ್ಕೆ ಸೂರು ಹಾಕಬೇಕೆಂದರೆ ಎಷ್ಟು ಜನ ನಿಲ್ಲುತ್ತಾರೆ, ಇದನ್ನೆಲ್ಲ ಯಾರಾದರೊಬ್ಬರು ಬಿಸಿಲಲ್ಲಿ ಕೂತು ಎಣಿಸಲೇಬೇಕಲ್ಲ. ಇಪ್ಪತ್ತಾರು ವರ್ಷದಿಂದ ಆ ಒಬ್ಬರು ಇವನೇ. ಒಮ್ಮೆ ಯಾರೋ ಅನುಮಾನಪಟ್ಟು ಸೇತುವೆಯ ಮೇಲೆ ಕ್ಯಾಮೆರಾ ಇಟ್ಟು ಇವನ ಲೆಕ್ಕ ಪರೀಕ್ಷಿಸಿದರು. ಎರಡು ಸಂಖ್ಯೆಯ ವ್ಯತ್ಯಾಸ ಬಂತು. ಕೊನೆಗೆ ನೋಡಿದರೆ ಲಾರಿಯ ಮರೆಯಲ್ಲಿ ಹೋದ ಎರಡು ಸೈಕಲ್ಲುಗಳು ಕ್ಯಾಮೆರಾದ ಕಣ್ಣಿಗೆ ಬಿದ್ದಿರಲಿಲ್ಲ, ಇವನ ಕಣ್ಣಿಗೆ ಬಿದ್ದಿದ್ದವು. ಆ ದಿನದಿಂದ ಎಣಿಕೆಯಣ್ಣನ ನಡಿಗೆಯೇ ಸ್ವಲ್ಪ ಬದಲಾಯಿತು ಎಂದು ಅವನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ವಿದ್ಯೆ ಅವನಿಗೆ ಕಲಿಸಿದ್ದು ಶಾಲೆಯಲ್ಲ, ಅಕ್ಕ. ಅವನಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಹತ್ತೊಂಬತ್ತರ ಅಕ್ಕ, ಅಮ್ಮನ ಮೊಟ್ಟೆ ಅಂಗಡಿಯಲ್ಲಿ ಮಾರನೇ ವಾರವೇ ಹೋಗಿ ಕೂತಳು. ಶಾಲೆ ಬಿಟ್ಟೊಡನೆ ತಮ್ಮನೂ ಅಲ್ಲಿಗೇ ಹೋಗುತ್ತಿದ್ದ. "ಮುಟ್ಟಿ ಎಣಿಸಬೇಡ, ಒಡೆಯುತ್ತೆ. ಕಣ್ಣಲ್ಲೇ ಐದೈದು ತಗೋ" ಎಂದು ಅವಳು ಹೇಳಿಕೊಟ್ಟದ್ದೇ ಅವನಿಗೆ ಜೀವನಕ್ಕೆ ದಾರಿಯಾಯಿತು. ತಮ್ಮನ ಓದು, ತಮ್ಮನ ಮದುವೆ, ಅಷ್ಟೇಕೆ, ತನ್ನ ಮದುವೆಯನ್ನೂ ಅವಳು ಆ ಮೊಟ್ಟೆಗಳ ಮೇಲೆಯೇ ನಡೆಸಿದಳು. ಮೂವತ್ತೆಂಟು ವರ್ಷ ಅದೇ ಮಾರ್ಕೆಟ್ಟು, ಅದೇ ಮೂಲೆ.

ಈಗ ಆ ಹಳೆಯ ಮಾರ್ಕೆಟ್ಟನ್ನು ಒಡೆದು ಹೊಸದು ಕಟ್ಟುವ ಯೋಜನೆ ಬಂದಿತ್ತು. ಇಂಥ ಯೋಜನೆಗಳ ಜೊತೆಗೆ ಒಂದು ನಮೂನೆ ಬರುತ್ತದೆ, ಸಮಾನತೆ ಪರಿಶೀಲನಾ ನಮೂನೆ ಎಂದು. ಜನರ ಹಣದಲ್ಲಿ ಕಟ್ಟುವ ಕಟ್ಟಡದಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ, ಗಂಡಸರಿಗೆ ಸಿಕ್ಕಷ್ಟು ಹೆಂಗಸರಿಗೆ ಸಿಗುತ್ತದೆಯೇ, ಕಾಲಿಲ್ಲದವರು ಒಳಗೆ ಬರಬಹುದೇ ಎಂದು ಹದಿನೇಳು ಪ್ರಶ್ನೆ. ಪ್ರಶ್ನೆಗಳನ್ನು ಯಾರು ಬರೆದರೋ, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಆದರೆ ಕಚೇರಿಯಲ್ಲಿ ಅದೊಂದು ಕಾಟಾಚಾರ. ಹಿಂದಿನ ಯೋಜನೆಯ ಉತ್ತರಗಳನ್ನೇ ನಕಲು ಮಾಡಿ ದಿನಾಂಕ ಬದಲಿಸಿದರೆ ಮುಗಿಯಿತು. ಬೀದಿದೀಪದ ಯೋಜನೆಯೊಂದಕ್ಕೆ "ಒಳಹೋಗಲು ಇಳಿಜಾರು ದಾರಿ ಒದಗಿಸಲಾಗಿದೆ" ಎಂದು ಬರೆದು ಕಳಿಸಿದ್ದರು, ಅದಕ್ಕೂ ಒಪ್ಪಿಗೆ ಸಿಕ್ಕಿತ್ತು.

ಈ ಸಲ ಮಾತ್ರ ಮೇಲಿನಿಂದ ನಮೂನೆ ವಾಪಸ್ ಬಂತು. ಹನ್ನೊಂದನೇ ಪ್ರಶ್ನೆಗೆ ಅಂಕಿಸಂಖ್ಯೆ ಬೇಕಂತೆ. ಮಾರ್ಕೆಟ್ಟಿನ ಶೌಚಾಲಯವನ್ನು ದಿನಕ್ಕೆ ಎಷ್ಟು ಗಂಡಸರು, ಎಷ್ಟು ಹೆಂಗಸರು ಬಳಸುತ್ತಾರೆ ಎಂಬುದು ಪ್ರಶ್ನೆ. ನಕ್ಷೆ ಬರೆಯುವ ಎಂಜಿನಿಯರು ಸುತ್ತಮುತ್ತ ನೋಡಿ, "ಎಣಿಕೆಯಣ್ಣ, ಮೂರು ದಿನ ಹೋಗಿ ಕೂತ್ಕೊಂಡು ಬಾರಪ್ಪ" ಎಂದರು. ಎಣಿಕೆಯಣ್ಣ ಹೋದ. ಶೌಚಾಲಯದ ಬಾಗಿಲುಗಳ ನೇರ ಎದುರಿಗೆ, ಹತ್ತು ಹೆಜ್ಜೆ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ. ತೊಡೆಯ ಮೇಲೆ ಪುಸ್ತಕ, ಕಿವಿಯ ಮೇಲೆ ಪೆನ್ನು. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹೆಂಗಸರ ಶೌಚಾಲಯಕ್ಕೆ ಯಾರು ಹೋಗುತ್ತಾರೆ ಎಂದು ನೋಡಿ ಬರೆದುಕೊಳ್ಳಲು ಒಬ್ಬ ಮೀಸೆಯ ಗಂಡಸನ್ನು ಕೂರಿಸಿದ್ದೇವಲ್ಲ ಎಂದು ಕಚೇರಿಯಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬುದ್ಧಿವಂತರೆಲ್ಲ ಒಟ್ಟಿಗೆ ಕೂತು ಮಾಡುವ ತಪ್ಪು ಯಾವಾಗಲೂ ಇಂಥದ್ದೇ.

ಮೂರು ದಿನಕ್ಕೆ ಗಂಡಸರು ಆರುನೂರ ಹನ್ನೊಂದು. ಹೆಂಗಸರು ಏಳು. ಎಣಿಕೆಯಣ್ಣ ಚೊಕ್ಕಟವಾಗಿ ಬರೆದ, ಕೆಳಗೆ "ಮಹಿಳೆಯರಿಂದ ಬೇಡಿಕೆ ಇಲ್ಲ" ಎಂದು ಸೇರಿಸಿದ, ಸಹಿ ಹಾಕಿದ. ಎಂಜಿನಿಯರಿಗೆ ಖುಷಿಯಾಯಿತು. ನಕ್ಷೆಯಲ್ಲಿ ಗಂಡಸರಿಗೆ ಎಂಟು, ಹೆಂಗಸರಿಗೆ ಒಂದು ಎಂದು ಬರೆದು, ಉಳಿದ ಜಾಗದಲ್ಲಿ ತರಕಾರಿ ಕೆಡದಂತೆ ಇಡುವ ತಣ್ಣನೆಯ ಕೋಣೆಗೆ ಗೆರೆ ಎಳೆದರು. ಸೋಮವಾರದ ಸಭೆಯಲ್ಲಿ ಒಪ್ಪಿಗೆಯ ಮುದ್ರೆ ಬಿದ್ದರೆ ಮುಗಿಯಿತು, ಆ ಮೇಲೆ ಒಂದು ಗೋಡೆಯನ್ನೂ ಅತ್ತಿತ್ತ ಸರಿಸುವಂತಿರಲಿಲ್ಲ.

ಗುರುವಾರ ಸಂಜೆ ಭಾವನ ಫೋನು ಬಂತು. "ನಿಮ್ಮಕ್ಕ ಆಸ್ಪತ್ರೇಲಿದಾಳೆ. ಹೆದರ್ಕೋಬೇಡ, ಬೈಯೋಷ್ಟು ಶಕ್ತಿ ಇನ್ನೂ ಇದೆ" ಎಂದರು ಭಾವ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಹೊತ್ತಲ್ಲೂ ತಮಾಷೆ ಬಿಟ್ಟವರಲ್ಲ, ಆದರೆ ಅಂದು ಆಸ್ಪತ್ರೆಯ ಹೆಸರನ್ನು ಎರಡೆರಡು ಸಲ ಹೇಳಿದರು. ಎಣಿಕೆಯಣ್ಣ ಓಡಿಹೋದ.

ಅಕ್ಕ ಹಾಸಿಗೆಯಲ್ಲಿ ಮುದುರಿ ಮಲಗಿದ್ದಳು. ಸೊಂಟದ ಹಿಂದೆ ತಡೆಯಲಾರದ ನೋವು, ಮೈ ಕೆಂಡದಂಥ ಜ್ವರ. ಮೂತ್ರಕೋಶದ ಸೋಂಕು ಮೇಲೇರಿ ಕಿಡ್ನಿಗೆ ತಗಲಿದೆ ಎಂದರು ಡಾಕ್ಟರಮ್ಮ. ಹಾಗೆ ಹೇಳುತ್ತಲೇ ಅಕ್ಕನನ್ನು ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?"

"ಬೆಳಗ್ಗೆ ಒಂದು ಲೋಟ. ಮನೆಗೆ ಬಂದ್ಮೇಲೆ ಎರಡು ಚೆಂಬು."

"ನಡುವೆ?"

"ಮಾರ್ಕೆಟ್ಟಲ್ಲಿ ಕೂರೋಳು ನಡುವೆ ನೀರು ಕುಡಿದ್ರೆ ಎಲ್ಲಿಗಮ್ಮ ಹೋಗೋದು?"

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಎಷ್ಟು ವರ್ಷದಿಂದ ಹೀಗೆ?" ಎಂದು ಕೇಳಿದಾಗ ಅಕ್ಕ ಮೂವತ್ತೆಂಟು ಎಂದಳು. ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಇನ್ನು ಮುಂದೆ ಗಂಟೆಗೊಂದು ಲೋಟ ನೀರು, ಬಂದಾಗ ಹೋಗಬೇಕು, ತಡೆದುಕೊಳ್ಳುವಂತಿಲ್ಲ. ಅದಾಗದಿದ್ದರೆ ಮಾರ್ಕೆಟ್ಟು ಬಿಡಬೇಕು. ಇನ್ನೊಂದು ಸಲ ಹೀಗಾದರೆ ಕಿಡ್ನಿ ಉಳಿಯುತ್ತದೆಂಬ ಭರವಸೆ ಇಲ್ಲ.

ಅವರು ಹೋದ ಮೇಲೆ ಅಕ್ಕ ಸೂರು ನೋಡುತ್ತಾ ಹೇಳಿದಳು. "ಬಿಟ್ಬಿಡ್ತೀನಿ ಕಣೋ. ಪಕ್ಕದ ಬೆಳ್ಳುಳ್ಳಿಯವನು ಜಾಗ ಕೇಳ್ತಾನೇ ಇದ್ದ. ಈ ತಿಂಗಳ ಕೊನೆಗೆ ಕೊಟ್ಬಿಟ್ರಾಯ್ತು." ಹೇಳಿದ್ದು ಸಲೀಸಾಗಿಯೇ, ಆದರೆ ಕಣ್ಣಂಚಿನಿಂದ ಇಳಿದ ನೀರು ಕಿವಿಯೊಳಗೆ ಹೋಯಿತು. ಅವಳು ಒರೆಸಿಕೊಳ್ಳಲಿಲ್ಲ. ಮನೆಯಲ್ಲಿ ಕೂತರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ ಎಂಬುದು ತಮ್ಮನಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

"ಅಲ್ಲಕ್ಕ, ಅಲ್ಲೇ ಟಾಯ್ಲೆಟ್ ಇದೆಯಲ್ಲ" ಎಂದ ಎಣಿಕೆಯಣ್ಣ.

ಅಕ್ಕ ಅವನ ಕಡೆ ತಿರುಗಿದಳು. "ಇದೆ. ಒಳಗೆ ಚಿಲಕ ಇಲ್ಲ, ದೀಪ ಇಲ್ಲ, ನಲ್ಲೀಲಿ ನೀರಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಗಿರಾಕಿ ಕಮ್ಮಿ ಆದಾಗ ಗುಂಡಿ-ದಾರ ಮಾರೋಳು ಬಂದು ಬಾಗಿಲು ಹಿಡ್ಕೋತಾಳೆ, ನಾನು ಹೋಗಿ ಬರ್ತೀನಿ. ಆಮೇಲೆ ಅವಳಿಗೆ ನಾನು ಹಿಡ್ಕೋತೀನಿ. ದಿನಕ್ಕೆ ಒಂದೇ ಸಲ. ಹೋದ ವಾರ ಅದೂ ಇಲ್ಲ."

"ಯಾಕೆ?"

"ಎದುರಿಗೆ ನೀನು ಕೂತಿದ್ಯಲ್ಲೋ."

ಎಣಿಕೆಯಣ್ಣ ಕೂತಿದ್ದ ಸ್ಟೂಲಿನಿಂದ ಎದ್ದುನಿಂತ.

"ತಮ್ಮನ ಮುಂದೆ ಹೇಗೋ ಹೋಗ್ಲಿ? ಅದೂ ಪುಸ್ತಕದಲ್ಲಿ ಬರ್ಕೊಳ್ಳೋ ತಮ್ಮ. ನೀನು ಯಾರು ಅಂತ ಗೊತ್ತಿಲ್ಲದ ಆಚೆ ಸಾಲಿನ ಹೆಂಗಸ್ರು ಕೇಳಿದ್ರು, ಯಾರೇ ಅದು ನಾಚಿಕೆಗೆಟ್ಟೋನು ಅಂತ. ನಂಗೆ ಗೊತ್ತಿಲ್ಲಪ್ಪ, ಚರಂಡಿ ಅಳೆಯೋನಿರಬೇಕು ಅಂದೆ." ಅಷ್ಟು ನೋವಿನಲ್ಲೂ ಅಕ್ಕನಿಗೆ ನಗು ಬಂತು. "ಮೂರು ದಿನ ನೀರನ್ನೇ ಮುಟ್ಟಲಿಲ್ಲ. ನಾನೊಬ್ಬಳೇ ಅಲ್ಲ, ಸುಮಾರು ಜನ. ಏಳು ಜನ ಹೋದ್ರು ಅಂತ ನಿಮ್ಮ ಭಾವನ ಹತ್ರ ಅಂದ್ಯಂತಲ್ಲ, ಅವರು ಮಾರ್ಕೆಟ್ಟಿಗೆ ಹೊಸಬ್ರಿರಬೇಕು."

ಇಪ್ಪತ್ತಾರು ವರ್ಷದಲ್ಲಿ ಇವನ ಎಣಿಕೆಯಿಂದ ಯಾರಿಗೂ ಜ್ವರ ಬಂದಿರಲಿಲ್ಲ. ಬಂದದ್ದು ಯಾರಿಗೆ ನೋಡಿ. ಮೊಟ್ಟೆ ಮುಟ್ಟಿದರೆ ಒಡೆಯುತ್ತದೆ ಎಂದು ಕಲಿಸಿದವಳಿಗೆ. ಅವನಿಗೆ ತನ್ನ ಜೇಬಿನಲ್ಲಿದ್ದ ಪೆನ್ನನ್ನು ಕಿಟಕಿಯಿಂದಾಚೆ ಎಸೆಯಬೇಕೆನಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಕಾಲು ನಿಲ್ಲಿಸಿದಳು. ಬೈಯುತ್ತಾಳೆಂದುಕೊಂಡಿದ್ದ, ಬೈಯಲಿಲ್ಲ. "ಅಷ್ಟು ದೊಡ್ಡ ಕಚೇರೀಲಿ ಒಬ್ಬರ ಮನೇಲೂ ಹೆಂಗಸರಿಲ್ವಾ?" ಎಂದಳು ಅಷ್ಟೆ.

"ನೀನು ಪೇಟೆಗೆ ಹೋದಾಗ ಏನು ಮಾಡ್ತೀಯ?" ಎಂದು ಎಣಿಕೆಯಣ್ಣ ಕೇಳಿದ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮೊದಲ ಸಲ ಕೇಳಿದ್ದು.

ಅವಳು ಬೆರಳು ಮಡಚುತ್ತಾ ಹೇಳಿದಳು. "ದೊಡ್ಡಾಸ್ಪತ್ರೆ ಹೊರರೋಗಿಗಳ ವಿಭಾಗ, ಯಾರೂ ಕೇಳಲ್ಲ. ಬಟ್ಟೆ ಅಂಗಡಿ ಎರಡನೇ ಮಹಡಿ, ಏನಾದ್ರೂ ಕೊಳ್ಳೋ ಹಾಗೆ ನಟಿಸ್ಬೇಕು. ರೈಲ್ವೆ ನಿಲ್ದಾಣ, ಹಗಲು ಹೊತ್ತಲ್ಲಿ ಮಾತ್ರ. ಮೂರೇ ರೀ. ಅದರಿಂದಾಚೆಗೆ ಕೆಲಸ ಇದ್ರೆ ಬೆಳಗ್ಗೆ ಕಾಫಿ ಕುಡಿಯಲ್ಲ." ಊರಿನ ಒಂದೊಂದು ವೃತ್ತದಲ್ಲೂ ಕೂತು ಎಣಿಸಿದ್ದವನಿಗೆ ಈ ಮೂರು ಜಾಗದ ಊರು ಗೊತ್ತೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂಬುದು ಸುಮ್ಮನೆ ಹುಟ್ಟಿದ ಮಾತಲ್ಲ.

ಶುಕ್ರವಾರ ಬೆಳಗ್ಗೆ ರಜೆ ಹಾಕಿ ಮಾರ್ಕೆಟ್ಟಿಗೆ ಹೋದ. ಹೆಂಗಸರು ಅವನನ್ನು ಕಂಡವರೇ ಸೆರಗಿನ ಮರೆಯಲ್ಲಿ ನಕ್ಕರು. "ಏನಣ್ಣ, ಇವತ್ತು ಕುರ್ಚಿ ತಂದಿಲ್ವಾ?" ಎಂದಳು ಗುಂಡಿ-ದಾರದವಳು. ಎಣಿಕೆಯಣ್ಣ ಮುಖ ಹುಳ್ಳಗೆ ಮಾಡಿಕೊಂಡು, ನೀರಿನ ವಿಷಯ ಕೇಳಬೇಕಿತ್ತು ಎಂದು ಏನೋ ತೊದಲಿದ. ಅವಳು ತಕ್ಷಣ ಗುಂಡಿ ಜೋಡಿಸುವುದರಲ್ಲಿ ಮಗ್ನಳಾದಳು. ಇನ್ನಿಬ್ಬರೂ ಹಾಗೇ ಮಾಡಿದರು. ಕೇಳುವ ಬಾಯಿ ತನ್ನದಾಗಿದ್ದರೆ ಉತ್ತರ ಸಿಗುವುದಿಲ್ಲ ಎಂದು ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನೆಗೆ ಫೋನು ಮಾಡಿದ. ಹೆಂಡತಿ ಹೊಲಿಗೆ ಬಿಟ್ಟು ಬಂದಳು.

ಎರಡು ದಿನ ಅವಳು ಅಂಗಡಿಯಿಂದ ಅಂಗಡಿಗೆ ಓಡಾಡಿದಳು. ಕೈಯಲ್ಲಿ ನಮೂನೆಯೂ ಇಲ್ಲ, ಪೆನ್ನೂ ಇಲ್ಲ. ಪಕ್ಕದಲ್ಲಿ ಕೂತು ಕೊತ್ತಂಬರಿ ಕಟ್ಟು ಕಟ್ಟುತ್ತಾ, ಮೀನಿನವಳಿಗೆ ಐಸು ಒಡೆದುಕೊಡುತ್ತಾ ಮಾತಾಡಿದಳು. ಎಣಿಕೆಯಣ್ಣ ಅಷ್ಟು ಹೊತ್ತೂ ಅಕ್ಕನ ಅಂಗಡಿಯಲ್ಲಿ, ಅವರಿಗೆಲ್ಲ ಬೆನ್ನು ಹಾಕಿ ಕೂತು ಮೊಟ್ಟೆ ಮಾರಿದ. ಶನಿವಾರ ಸಂಜೆಯೊಳಗೆ ಹನ್ನೊಂದು ಮೊಟ್ಟೆ ಒಡೆದಿದ್ದ. ಗಿರಾಕಿಗಳು, "ಅಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದಾಗಲೆಲ್ಲ ಅವನ ಚಿಲ್ಲರೆ ಲೆಕ್ಕ ತಪ್ಪುತ್ತಿತ್ತು. ಬೆಳ್ಳುಳ್ಳಿಯವನು ಬಂದು ಅಂಗಡಿಯ ಉದ್ದಗಲವನ್ನು ಗೇಣಿನಲ್ಲಿ ಅಳೆದು ಹೋದ.

ಹೆಂಡತಿ ತಂದ ಲೆಕ್ಕ ಹೀಗಿತ್ತು. ಮಾರ್ಕೆಟ್ಟಿನಲ್ಲಿ ಕೂತು ಮಾರುವ ಹೆಂಗಸರು ನೂರ ನಲವತ್ಮೂರು. ಮನೆಯಿಂದ ಹೊರಟು ಮನೆ ಸೇರುವವರೆಗೆ ಹನಿ ನೀರು ಮುಟ್ಟದವರು ನೂರ ಮೂವತ್ತೊಂದು. ತಿಂಗಳ ಆ ದಿನಗಳಲ್ಲಿ ಅಂಗಡಿಯನ್ನೇ ತೆಗೆಯದವರು ಐವತ್ತರ ಮೇಲೆ. ಎಂಟು ತಿಂಗಳ ಬಸುರಿಯೊಬ್ಬಳು ಒಣಗಿದ ತುಟಿ ಸವರಿಕೊಂಡು ಈರುಳ್ಳಿ ಮಾರುತ್ತಿದ್ದಳು. "ಅವಳ ಹತ್ರ ನಾನು ಕೇಳ್ಲೇ ಇಲ್ಲ ರೀ, ನಂಗೆ ಆಗ್ಲಿಲ್ಲ" ಎಂದಳು ಹೆಂಡತಿ.

ಸೋಮವಾರದ ಸಭೆ ಮಧ್ಯಾಹ್ನ ಮೂರಕ್ಕೆ. ನಗರಸಭೆಯ ಹಿರಿಯ ಅಧಿಕಾರಿ ಮೇಜಿನ ತುದಿಯಲ್ಲಿ ಕೂತಿದ್ದರು. ಹೊಸದಾಗಿ ಬಂದವರು, ಮಿತಭಾಷಿ, ಮೇಡಂ ಎಂದರೆ ಕಚೇರಿಯೆಲ್ಲ ಸ್ವಲ್ಪ ಹೆದರುತ್ತಿತ್ತು. ಎಂಜಿನಿಯರು ನಕ್ಷೆ ಬಿಡಿಸಿದರು, ತಣ್ಣನೆಯ ಕೋಣೆಯ ಗುಣಗಾನ ಮಾಡಿದರು, ಹನ್ನೊಂದನೇ ಪ್ರಶ್ನೆಗೆ ಬಂದಾಗ "ಅಂಕಿಸಂಖ್ಯೆ ನಮ್ಮ ಎಣಿಕೆಯಣ್ಣಂದು, ಎರಡು ಮಾತಿಲ್ಲ" ಎಂದರು.

ಬಾಗಿಲ ಬಳಿ ನಿಂತಿದ್ದ ಎಣಿಕೆಯಣ್ಣ ಮುಂದೆ ಬಂದ. "ಆ ಲೆಕ್ಕ ತಪ್ಪು ಮೇಡಂ."

ಎಂಜಿನಿಯರು ಕನ್ನಡಕ ತೆಗೆದರು. "ಏನಪ್ಪಾ ಹೀಗಂದ್ರೆ? ಸಹಿ ನಿಂದೇ ತಾನೆ?"

"ನಂದೇ ಸರ್. ಏಳು ಜನ ಬಂದದ್ದು ನಿಜ. ಬರದೆ ಇದ್ದೋರು ಎಷ್ಟು ಅಂತ ನಾನು ನೋಡ್ಲಿಲ್ಲ. ಬರದೆ ಇದ್ದದ್ದಕ್ಕೆ ಎದುರಿಗೆ ಕೂತಿದ್ದ ನಾನೂ ಒಂದು ಕಾರಣ." ಅಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿ ತಂದ ಲೆಕ್ಕವನ್ನು ಒಂದೊಂದಾಗಿ ಹೇಳಿದ. ಕೊನೆಗೆ ಅಕ್ಕನ ವಿಷಯ ಹೇಳಬೇಕೋ ಬೇಡವೋ ಎಂದು ತಡವರಿಸಿದ, ಆಮೇಲೆ ಅದನ್ನೂ ಹೇಳಿಬಿಟ್ಟ. ಮನೆಯ ಹೆಂಗಸಿನ ಇಂಥ ಸಂಗತಿಯನ್ನು ಸಭೆಯಲ್ಲಿ ಆಡಿದ್ದಕ್ಕೆ ಅಕ್ಕ ಬೈದರೆ ಬೈಯಲಿ ಎಂದುಕೊಂಡ.

ಒಬ್ಬರು ಕೆಮ್ಮಿದರು, ಇನ್ನೊಬ್ಬರು ಕಿಟಕಿಯ ಕಡೆ ತಿರುಗಿದರು. "ಇಷ್ಟು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿಲ್ಲವಲ್ಲ ಮೇಡಂ" ಎಂದರು ಎಂಜಿನಿಯರು.

ಮೇಡಂ ಮುಂದೆ ಒಂದು ನೀರಿನ ಬಾಟಲಿ ಇತ್ತು. ಬೆಳಗ್ಗೆ ಒಂಬತ್ತಕ್ಕೆ ತುಂಬಿಸಿ ತಂದದ್ದು, ಮೂರೂವರೆಗೂ ಕಂಠದ ಮಟ್ಟಕ್ಕೇ ಇತ್ತು. ಅವರು ಅದನ್ನು ಪಕ್ಕಕ್ಕೆ ಸರಿಸಿ ಎಂಜಿನಿಯರನ್ನು ಕೇಳಿದರು. "ಈ ಕಚೇರೀಲಿ ಹೆಂಗಸರ ಟಾಯ್ಲೆಟ್ ಎಲ್ಲಿದೆ, ಗೊತ್ತಾ?"

ಎಂಜಿನಿಯರಿಗೆ ಗೊತ್ತಿರಲಿಲ್ಲ.

"ಹಿಂದಿನ ಕಟ್ಟಡದಲ್ಲಿ, ಹಳೇ ಕಡತಗಳ ಕೋಣೆ ದಾಟಿ. ಬೀಗದ ಕೈ ಗುಮಾಸ್ತರ ಹತ್ರ ಇರುತ್ತೆ. ಪ್ರತಿ ಸಲ ಹೋಗಿ ಕೇಳಬೇಕು. ನಾನೂ ಯಾರಿಗೂ ದೂರು ಕೊಟ್ಟಿಲ್ಲ." ಇಷ್ಟು ಹೇಳಿ ಅವರು ನಕ್ಷೆಯನ್ನು ಮಡಚಿ ಎಂಜಿನಿಯರ ಕಡೆಗೇ ತಳ್ಳಿದರು. ಹೊಸ ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಹತ್ತು, ಅದರಲ್ಲಿ ಎರಡು ಗಾಲಿಕುರ್ಚಿ ಹೋಗುವಷ್ಟು ಅಗಲ, ಬಾಗಿಲು ಎಲ್ಲಿರಬೇಕೆಂದು ಮಾರುವ ಹೆಂಗಸರನ್ನೇ ಕೇಳಿ ಗೆರೆ ಎಳೆಯಬೇಕು ಎಂದರು.

ಎಣಿಕೆಯಣ್ಣ ಹೋಗಲಿಲ್ಲ, ಅಲ್ಲೇ ನಿಂತಿದ್ದ. "ಮೇಡಂ, ಅದಕ್ಕೆ ಎರಡು ವರ್ಷ ಬೇಕು. ನಮ್ಮಕ್ಕನಿಗೆ ಇರೋದು ಈ ತಿಂಗಳ ಕೊನೆವರೆಗೆ." ಮೇಡಂ ಅವನನ್ನು ಕುತೂಹಲದಿಂದ ನೋಡಿದರು, ಮತ್ತೆ ಎಂಜಿನಿಯರ ಕಡೆ ತಿರುಗಿದರು. "ಚಿಲಕ ಹಾಕೋಕೆ ಎರಡು ವರ್ಷ ಬೇಕಾ?"

ಎಂಜಿನಿಯರು ಕೆಟ್ಟವರೇನಲ್ಲ. ಆ ದಿನ ಗೊಣಗಿದರು, ತಣ್ಣನೆಯ ಕೋಣೆ ಕೈಬಿಟ್ಟುಹೋಯಿತೆಂದು ಎರಡು ದಿನ ಎಣಿಕೆಯಣ್ಣನ ಜೊತೆ ಮಾತು ಬಿಟ್ಟರು. ಬುಧವಾರ ಬಡಗಿಯನ್ನೂ ಕೊಳಾಯಿಯವನನ್ನೂ ಕರೆದುಕೊಂಡು ತಾವೇ ಮಾರ್ಕೆಟ್ಟಿಗೆ ಬಂದರು. ಒಳಗೆ ಹೋಗಿ ನೋಡಿ ಹೊರಬಂದವರ ಮುಖದಲ್ಲಿ ರಕ್ತವಿರಲಿಲ್ಲ. "ನಮ್ಮನೆಯವಳು ಇಲ್ಲಿಗೇ ತರಕಾರಿಗೆ ಬರ್ತಾಳೆ ಕಣಯ್ಯ" ಎಂದಷ್ಟೇ ಹೇಳಿ, ಚಿಲಕವನ್ನು ಒಂದಕ್ಕೆ ಎರಡು ಹಾಕಿಸಿದರು. ದೀಪ ಬಂತು, ನೀರು ಬಂತು. ಬಾಗಿಲ ಬಳಿ ಕೂರಲು ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿದರು. ಗುಂಡಿ-ದಾರದವಳ ಅತ್ತೆಯೇ ಆ ಕೆಲಸಕ್ಕೆ ಬಂದಳು. ಮನೆಯಲ್ಲಿ ಸೊಸೆಯನ್ನು ಕಾಯುತ್ತಿದ್ದವಳು ಈಗ ಇಡೀ ಮಾರ್ಕೆಟ್ಟನ್ನೇ ಕಾಯುತ್ತಾಳೆ ಎಂದು ಹೆಂಗಸರು ನಕ್ಕರು. ಒಬ್ಬಳು ಹೋದಾಗ ಪಕ್ಕದವಳು ಅಂಗಡಿ ನೋಡಿಕೊಳ್ಳುವುದೆಂದು ಅವರವರೇ ಪಾಳಿ ಗೊತ್ತುಮಾಡಿಕೊಂಡರು.

ಅಕ್ಕನನ್ನು ಒಪ್ಪಿಸುವುದು ಮಾತ್ರ ಇವೆಲ್ಲಕ್ಕಿಂತ ಕಷ್ಟವಾಯಿತು. ಮನೆಗೆ ಬಂದು ಹತ್ತು ದಿನವಾಗಿತ್ತು. ಗಂಟೆಗೊಂದು ಲೋಟ ನೀರು ಕುಡಿಯುತ್ತಾ, ಭಾವನ ಅಡುಗೆಯಲ್ಲಿ ಹುಳುಕು ಹುಡುಕುತ್ತಾ ಕಾಲ ಕಳೆಯುತ್ತಿದ್ದಳು. "ಮಾತು ಕೊಟ್ಟಾಯ್ತು ಕಣೋ. ಮಾತು ಕೊಟ್ಟು ತಪ್ಪೋದು ನಮ್ಮ ಮನೇಲಿಲ್ಲ. ಅಲ್ದೆ ಇದೆಲ್ಲ ನಾಲ್ಕು ದಿನದ ಸಂಭ್ರಮ. ಐದನೇ ದಿನಕ್ಕೆ ಚಿಲಕ ಹೋಗಿರುತ್ತೆ" ಎಂದಳು. ಎಣಿಕೆಯಣ್ಣ ವಾದಿಸಲಿಲ್ಲ. ತಿಂಗಳ ಕೊನೆಗೆ ನಾಲ್ಕು ದಿನ ಉಳಿದಿತ್ತು. "ಸುಮ್ನೆ ಒಂದಿನ ಬಂದು ಕೂತು ನೋಡು. ಬೇಡ ಅನಿಸಿದ್ರೆ ಬೆಳ್ಳುಳ್ಳಿಯವನಿಗೆ ನಾನೇ ಜಾಗ ಬಿಟ್ಕೊಟ್ಟು ಬರ್ತೀನಿ" ಎಂದ. ಭಾವ ಒಳಗಿನಿಂದಲೇ, "ಹೋಗೇ ಮಾರಾಯ್ತಿ, ನನ್ನ ಸಾರಿಗಾದ್ರೂ ಒಂದಿನ ನೆಮ್ಮದಿ ಸಿಗ್ಲಿ" ಎಂದು ಕೂಗಿದರು.

ಅವಳು ಹೋದಳು. ಎಣಿಕೆಯಣ್ಣ ಅಂದು ಬೇಕೆಂದೇ ಆ ಕಡೆ ತಲೆ ಹಾಕಲಿಲ್ಲ. ಕಚೇರಿಯಲ್ಲಿ ಕೂತು ಒಂದೇ ಸಾಲನ್ನು ನಾಲ್ಕು ಸಲ ಕೂಡಿ ನಾಲ್ಕು ಉತ್ತರ ತೆಗೆದ. ಐದೂವರೆಗೆ ಕಚೇರಿ ಬಿಟ್ಟು ಮಾರ್ಕೆಟ್ಟಿಗೆ ಬಂದಾಗ ಅಂಗಡಿಗಳಿಗೆ ಗೋಣಿತಾಟು ಮುಚ್ಚುತ್ತಿದ್ದರು. ಅಕ್ಕನ ಮೂಲೆ ಖಾಲಿ. ಬೆಳ್ಳುಳ್ಳಿಯವನೂ ಕಾಣಲಿಲ್ಲ. ಜಾಗ ಅವನ ಪಾಲಾಗಿಯೇ ಹೋಯಿತು ಎಂದುಕೊಂಡ ಎಣಿಕೆಯಣ್ಣ.

ಆಮೇಲೆ ನೋಡಿದರೆ, ಅಕ್ಕ ಶೌಚಾಲಯದ ಬಾಗಿಲ ಬಳಿ ಗುಂಡಿ-ದಾರದವಳ ಅತ್ತೆಯ ಜೊತೆ ನಿಂತಿದ್ದಾಳೆ. ಮುದುಕಿಗೆ ಓದು ಬರಹ ಬರದು. ಬಂದು ಹೋದವರಿಗೆಲ್ಲ ಒಂದೊಂದರಂತೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಹಾಗೆ ಎಳೆಯಲು ಅವಳಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಜನ ಬಂದರು ಎಂದು ಸೊಸೆಯ ಮುಂದೆ ಜಂಬ ಕೊಚ್ಚಲು ಬೇಕಿತ್ತಂತೆ. ಗೋಡೆ ತುಂಬಾ ಗೆರೆ. ಎಣಿಕೆಯಣ್ಣ ಹತ್ತಿರ ಹೋಗದೆ, ದೂರದಲ್ಲೇ ನಿಂತು, ಅಭ್ಯಾಸಬಲದಿಂದ ಕಣ್ಣಲ್ಲೇ ಐದೈದು ಹಿಡಿಯತೊಡಗಿದ. ಇನ್ನೂರ ಆರು. ಒಂದೇ ದಿನಕ್ಕೆ.

ಅಕ್ಕ ತಿರುಗಿ ಅವನನ್ನು ನೋಡಿದಳು. ಗೋಡೆಯತ್ತ ಗಲ್ಲ ಎತ್ತಿ ತೋರಿಸಿ, ಬಾಯಿ ತುಂಬಾ ನಗುತ್ತಾ ಹೇಳಿದಳು.

"ಅದ್ರಲ್ಲಿ ನಾಲ್ಕು ನಂದು ಕಣೋ. ಬರ್ಕೋ."